ಹಚ್ಚೆ ಮತ್ತು ಕ್ರೈಸ್ತ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹಚ್ಚೆ ನಮ್ಮ ನಾಡಿಗೆ ಹೊಸದಲ್ಲ. ಹೊಸದಾಗಿರುವುದು ಅದರ ಯಂತ್ರ, ಅದರ ದರ ಮತ್ತು ಅದನ್ನು ಹಾಕಿಸಿಕೊಳ್ಳುವ ವಯಸ್ಸು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳ ಯುವಜನರ ಕೂಟಗಳಲ್ಲಿ ಈ ವಿಷಯ ಬಂದಾಗಲೆಲ್ಲ ಒಬ್ಬರು ಸತ್ಯವೇದದಲ್ಲಿ (ಬೈಬಲಿನಲ್ಲಿ) ಹಚ್ಚೆ ಬೇಡವೆನ್ನುವ ಯಾಜಕಕಾಂಡವನ್ನು ತೆರೆಯುತ್ತಾರೆ, ಇನ್ನೊಬ್ಬರು ಕ್ರಿಸ್ತನು ಕೊಟ್ಟ ಸ್ವಾತಂತ್ರ್ಯದ ಮಾತೆತ್ತುತ್ತಾರೆ, ಅಲ್ಲಿಗೆ ಚರ್ಚೆ ನಿಂತುಹೋಗುತ್ತದೆ. ಅದನ್ನು ಸ್ವಲ್ಪ ಮುಂದಕ್ಕೆ ಒಯ್ಯುವ ಉದ್ದೇಶದಿಂದ, ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಕ್ರೈಸ್ತರು ಹಚ್ಚೆ ಹಾಕಿಸಿಕೊಳ್ಳುವುದು ಪಾಪವೇ?

ಹಚ್ಚೆ ತನ್ನಷ್ಟಕ್ಕೆ ಪಾಪವೆಂದು ಹೇಳಲು ಸತ್ಯವೇದದಲ್ಲಿ ಸಾಕಷ್ಟು ಆಧಾರವಿಲ್ಲ. ಅದು ತನ್ನಷ್ಟಕ್ಕೆ ಭಕ್ತಿಯ ಕಾರ್ಯವೆಂದು ಹೇಳಲಂತೂ ಆಧಾರವೇ ಇಲ್ಲ. ಕ್ರೈಸ್ತನ ಮೇಲೆ ಬಿದ್ದಿರುವ ಅಳಿಸಲಾಗದ ಮುದ್ರೆ ಒಂದೇ, ಅದು ದೀಕ್ಷಾಸ್ನಾನದಲ್ಲಿ ದೊರೆತದ್ದು. ಸುವಾರ್ತೆಯನ್ನು ಕೇಳಿ ನಂಬಿದವರು ಪವಿತ್ರಾತ್ಮನೆಂಬ ಮುದ್ರೆಯನ್ನು ಹೊಂದಿದರೆಂದು ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ ಹೇಳುತ್ತದೆ. ಚರ್ಮದ ಮೇಲಿನ ಬಣ್ಣ ಆ ಮುದ್ರೆಗೆ ಏನನ್ನೂ ಕೂಡಿಸುವುದಿಲ್ಲ, ಅದರಿಂದ ಏನನ್ನೂ ಕಳೆಯುವುದೂ ಇಲ್ಲ. ಹಾಗೆಂದ ಮಾತ್ರಕ್ಕೆ ಎಲ್ಲ ಹಚ್ಚೆಗಳೂ ಒಂದೇ ಎಂದಾಗುವುದಿಲ್ಲ. ಯಾರ ಹೆಸರಿನಲ್ಲಿ, ಯಾವ ಚಿತ್ರ, ಯಾವ ಕಾರಣಕ್ಕೆ ಎಂಬುದರ ಮೇಲೆ ತೀರ್ಮಾನ ನಿಲ್ಲುತ್ತದೆ.

ಯಾಜಕಕಾಂಡ 19:28 ಸ್ಪಷ್ಟವಾಗಿಯೇ ಬೇಡವೆನ್ನುತ್ತದಲ್ಲವೇ?

ಹೌದು, ಸತ್ತವರಿಗೋಸ್ಕರ ದೇಹವನ್ನು ಗಾಯಮಾಡಿಕೊಳ್ಳಬಾರದು, ಹಚ್ಚೆ ಚುಚ್ಚಿಸಿಕೊಳ್ಳಬಾರದು ಎಂದು ಆ ವಚನ ಇಸ್ರಾಯೇಲ್ಯರಿಗೆ ಆಜ್ಞಾಪಿಸುತ್ತದೆ. ಆದರೆ ಅದನ್ನು ಅದರ ನೆರೆಹೊರೆಯ ವಚನಗಳಿಂದ ಕಿತ್ತು ಓದಬಾರದು. ಅದಕ್ಕೂ ಮುಂಚಿನ ಎರಡು ವಚನಗಳು ರಕ್ತಸಹಿತವಾದ ಮಾಂಸವನ್ನು ತಿನ್ನುವುದನ್ನು, ಕಣಿ ಕೇಳುವುದನ್ನು, ತಲೆಯ ಅಂಚಿನ ಕೂದಲನ್ನೂ ಗಡ್ಡದ ಅಂಚನ್ನೂ ಕತ್ತರಿಸುವುದನ್ನು ನಿಷೇಧಿಸುತ್ತವೆ; ಮುಂದಕ್ಕೆ 31ನೆಯ ವಚನ ಸತ್ತವರ ಆತ್ಮಗಳನ್ನು ವಿಚಾರಿಸುವವರ ಬಳಿಗೆ ಹೋಗುವುದನ್ನು ತಡೆಯುತ್ತದೆ. ಈ ಸಾಲುಗಳೆಲ್ಲ ಸುತ್ತಲಿನ ಜನಾಂಗಗಳ ಶೋಕಾಚಾರ ಮತ್ತು ದೇವತಾರಾಧನೆಯ ಪದ್ಧತಿಗಳನ್ನೇ ಮುಖ್ಯವಾಗಿ ಉದ್ದೇಶಿಸಿವೆ ಎಂಬುದು ಬಹುಪಾಲು ವ್ಯಾಖ್ಯಾನಕಾರರ ಅಭಿಪ್ರಾಯ.

ಆ ಪದ್ಧತಿಗಳು ಕಲ್ಪನೆಯವಲ್ಲ. ಸಿರಿಯದ ಕರಾವಳಿಯ ಉಗಾರಿತ್‌ನಲ್ಲಿ ದೊರೆತ ಮಣ್ಣಿನ ಫಲಕಗಳಲ್ಲಿ, ಬಾಳನೆಂಬ ದೇವನು ಸತ್ತನೆಂಬ ಸುದ್ದಿ ಕೇಳಿ ಹಿರಿಯ ದೇವನಾದ ಏಲನು ತನ್ನ ಮೈಯನ್ನೇ ಕೊಯ್ದುಕೊಂಡು ಗೋಳಾಡುವ ವರ್ಣನೆಯಿದೆ. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳು ರಕ್ತ ಸೋರುವ ತನಕ ಕತ್ತಿ ಈಟಿಗಳಿಂದ ಗಾಯಮಾಡಿಕೊಂಡದ್ದನ್ನು 1 ಅರಸುಗಳು 18ರಲ್ಲಿ ಓದುತ್ತೇವೆ. ಈಜಿಪ್ಟಿನಲ್ಲಿ ಹಾಥೋರ್ ದೇವತೆಯ ಅರ್ಚಕಿಯಾಗಿದ್ದ ಅಮುನೆಟ್ ಎಂಬಾಕೆಯ ಮಮ್ಮಿ 1891ರಲ್ಲಿ ಸಿಕ್ಕಾಗ, ಹೊಟ್ಟೆಯ ಮೇಲೆ ಸಾಲುಸಾಲಾಗಿ ಚುಚ್ಚಿದ ಚುಕ್ಕೆ ಗೆರೆಗಳು ಇನ್ನೂ ಕಾಣುವಂತಿದ್ದವು. ಹಚ್ಚೆಯ ನಿಷೇಧಕ್ಕೆ ಸತ್ತವರ ಶೋಕಕ್ಕಿಂತ ದಾಸ್ಯದ ಗುರುತೇ ಹಿನ್ನೆಲೆ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಈಜಿಪ್ಟಿನಲ್ಲಿ ಒಡೆಯನ ಗುರುತನ್ನು ಮೈಮೇಲೆ ಹೊತ್ತಿದ್ದ ಜನಕ್ಕೆ ಇನ್ನು ಅಂಥ ಗುರುತು ಬೇಡವೆಂಬುದು ಅವರ ಓದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಆಜ್ಞೆಯ ತಿರುಳು ಒಂದೇ ಕಡೆ ಬಂದು ನಿಲ್ಲುತ್ತದೆ: ನೀನು ಯೆಹೋವನಿಗೆ ಸೇರಿದವನು, ಬೇರೊಬ್ಬರ ಸ್ವತ್ತೆಂಬ ಗುರುತು ನಿನ್ನ ಮೇಲಿರಬಾರದು. ಧರ್ಮೋಪದೇಶಕಾಂಡ 14:1 ಕೂಡ ಮೈ ಗಾಯಮಾಡಿಕೊಳ್ಳಬೇಡಿರೆಂದು ಹೇಳುವ ಮೊದಲು, ನೀವು ದೇವರ ಮಕ್ಕಳೆಂಬ ಕಾರಣವನ್ನು ಮುಂದಿಡುತ್ತದೆ.

ಹಾಗಾದರೆ ಆ ಆಜ್ಞೆ ನಮಗೆ ಅನ್ವಯಿಸುವುದೇ ಇಲ್ಲವೇ?

ಇಸ್ರಾಯೇಲ್ಯರಿಗೆ ಅನ್ವಯಿಸಿದ ರೀತಿಯಲ್ಲಿ ಅನ್ವಯಿಸುವುದಿಲ್ಲ. ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಮೋಶೆಯ ಧರ್ಮಶಾಸ್ತ್ರದ ಹೊರೆಯನ್ನು ಹೊರಿಸಬೇಕೇ ಎಂಬ ಪ್ರಶ್ನೆ ಯೆರೂಸಲೇಮಿನ ಸಭೆಯ ಮುಂದೆ ಬಂದಾಗ, ಅಪೊಸ್ತಲರ ಕೃತ್ಯಗಳು 15ರ ಪ್ರಕಾರ, ಅವರು ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು ಮತ್ತು ಹಾದರ ಇವಿಷ್ಟನ್ನು ಬಿಡುವಂತೆ ಬರೆದು ಕಳುಹಿಸಿದರು. ಆ ಪಟ್ಟಿಯಲ್ಲಿ ಹಚ್ಚೆಯಿಲ್ಲ. ಕ್ಷೌರದಂಗಡಿಯಲ್ಲಿ ಗಡ್ಡದ ಅಂಚು ತಿದ್ದಿಸಿಕೊಂಡು ಬಂದು, ನೂಲು ಮತ್ತು ಉಣ್ಣೆ ಬೆರೆತ ಕೋಟು ತೊಟ್ಟು, ವೇದಿಕೆಯ ಮೇಲಿನಿಂದ ಹಚ್ಚೆಯ ವಚನವೊಂದನ್ನೇ ಗಟ್ಟಿಯಾಗಿ ಓದುವವರು ಆ ಮೂರೂ ಒಂದೇ ಅಧ್ಯಾಯದಲ್ಲಿವೆ ಎಂಬುದನ್ನು ಗಮನಿಸುವುದು ಒಳ್ಳೆಯದು.

ಆದರೆ ಈ ವಾದವನ್ನು ತೀರಾ ಸಲೀಸಾಗಿ ಬಳಸಿಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯೂ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂಬ ಆಜ್ಞೆಯೂ ಅದೇ ಅಧ್ಯಾಯದಲ್ಲಿಯೇ ಇವೆ. ಹಳೆಯ ಒಡಂಬಡಿಕೆಯೆಂದು ಅವುಗಳನ್ನು ಯಾರೂ ಬದಿಗಿಡುವುದಿಲ್ಲ. ಆಚಾರದ ರೂಪ ನಮ್ಮನ್ನು ಕಟ್ಟಿಹಾಕದಿದ್ದರೂ ಅದರ ಹಿಂದಿನ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ನಿನ್ನ ಮೈಮೇಲಿನ ಗುರುತು ನಿನ್ನನ್ನು ಯಾರಿಗೆ ಸೇರಿಸುತ್ತಿದೆ ಎಂಬ ಪ್ರಶ್ನೆ ಅಂದಿನಷ್ಟೇ ಇಂದಿಗೂ ಸಲ್ಲುತ್ತದೆ.

ದೇಹವು ಪವಿತ್ರಾತ್ಮನ ಆಲಯವೆಂದು ಅಪೊಸ್ತಲ ಪೌಲನು ಹೇಳಿಲ್ಲವೇ?

ಹೇಳಿದ್ದಾನೆ. 1 ಕೊರಿಂಥ 6ರ ಆ ಮಾತು ಬರುವುದು ವೇಶ್ಯಾಸಂಗದ ವಿರುದ್ಧವಾದ ವಾದದಲ್ಲಿ; ದೇಹದಿಂದ ಏನು ಮಾಡಿದರೂ ಆತ್ಮಕ್ಕೆ ತಾಗುವುದಿಲ್ಲವೆಂದು ನಂಬಿದ್ದ ಕೊರಿಂಥದ ವಿಶ್ವಾಸಿಗಳಿಗೆ, ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು, ನಿಮ್ಮ ದೇಹ ನಿಮ್ಮ ಸ್ವಂತ ಸೊತ್ತಲ್ಲ ಎಂದು ಅವನು ನೆನಪಿಸುತ್ತಾನೆ. ಈ ವಚನವನ್ನು ನೇರವಾಗಿ ಹಚ್ಚೆಯ ನಿಷೇಧವನ್ನಾಗಿ ಮಾಡಿದರೆ, ಕಿವಿ ಚುಚ್ಚಿಸುವುದನ್ನೂ ಮೂಗುತಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ದೇವಾಲಯದ ಗೋಡೆಯ ಮೇಲೆ ಚಿತ್ರ ಬರೆಯುವುದು ತಪ್ಪಲ್ಲವಲ್ಲ ಎಂಬ ಜಾಣ ಉತ್ತರವೂ ಪೌಲನ ಉದ್ದೇಶಕ್ಕೆ ಅಷ್ಟೇ ದೂರ. ಈ ವಚನ ನಮ್ಮಿಂದ ಕೇಳುವುದು ಇಷ್ಟು: ದೇಹದ ವಿಷಯದಲ್ಲಿ ತೀರ್ಮಾನ ಮಾಡುವಾಗ, ಇದು ನನ್ನದು, ಏನು ಬೇಕಾದರೂ ಮಾಡಿಕೊಳ್ಳುತ್ತೇನೆ ಎಂಬ ಮಾತನ್ನು ಕ್ರೈಸ್ತನು ಕಾರಣವಾಗಿ ಕೊಡುವಂತಿಲ್ಲ.

ದೇಹದ ಮೇಲಿನ ಗುರುತಿನ ಬಗ್ಗೆ ಸತ್ಯವೇದದಲ್ಲಿ ಒಳ್ಳೆಯ ಮಾತೇ ಇಲ್ಲವೇ?

ಇವೆ. ಕಾಯಿನನನ್ನು ಯಾರೂ ಕೊಲ್ಲದಂತೆ ದೇವರು ಅವನ ಮೇಲೆ ಗುರುತನ್ನು ಇಟ್ಟನು. ಯೆಹೆಜ್ಕೇಲ 9ರಲ್ಲಿ, ಪಟ್ಟಣದ ಅಸಹ್ಯಕಾರ್ಯಗಳಿಗಾಗಿ ನರಳುವವರ ಹಣೆಯ ಮೇಲೆ ಗುರುತು ಹಾಕಿಸಲಾಗುತ್ತದೆ. ಒಬ್ಬನು ತಾನು ಯೆಹೋವನವನೆಂದು ತನ್ನ ಕೈಮೇಲೆ ಬರೆದುಕೊಳ್ಳುವನೆಂದು ಯೆಶಾಯ 44:5 ಹೇಳಿದರೆ, 49:16ರಲ್ಲಿ ದೇವರೇ ಚೀಯೋನ್ ಎಂಬ ಪಟ್ಟಣವನ್ನು ತನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಎನ್ನುತ್ತಾನೆ. ಕುರಿಮರಿಯಾದ ಕ್ರಿಸ್ತನನ್ನು ಹಿಂಬಾಲಿಸುವವರ ಹಣೆಯ ಮೇಲೆ ಅವನ ಹೆಸರೂ ಅವನ ತಂದೆಯ ಹೆಸರೂ ಇರುವುದನ್ನು ಪ್ರಕಟನೆ 14 ಚಿತ್ರಿಸುತ್ತದೆ. ಇವು ದರ್ಶನಗಳು, ಕಾವ್ಯದ ಮಾತುಗಳು. ಇವುಗಳನ್ನು ತೋರಿಸಿ ಹಚ್ಚೆಗೆ ದೈವಿಕ ಅನುಮತಿಯಿದೆ ಎನ್ನುವಂತಿಲ್ಲ. ಆದರೆ ದೇಹದ ಮೇಲಿನ ಗುರುತೆಂಬ ಕಲ್ಪನೆಯೇ ದೇವರಿಗೆ ಹೇಸಿಕೆಯಾಗಿದ್ದರೆ ಪ್ರವಾದಿಗಳು ಅದನ್ನು ದೇವರ ಪ್ರೀತಿಯ ಚಿತ್ರವಾಗಿ ಎತ್ತಿಕೊಳ್ಳುತ್ತಿರಲಿಲ್ಲ.

ಯೇಸುವಿಗಾಗಿ ಪಟ್ಟ ಬಾಧೆಯ ಗುರುತುಗಳು ನನ್ನ ದೇಹದಲ್ಲಿವೆ ಎಂದು ಪೌಲನು ಗಲಾತ್ಯದವರಿಗೆ ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ಸೂಜಿಯಲ್ಲ. ಛಡಿ, ಚಾವಟಿ ಮತ್ತು ಕಲ್ಲೇಟಿನ ಕಲೆಗಳು.

ಆದಿಸಭೆ ಇದನ್ನು ಹೇಗೆ ನೋಡಿತು?

ರೋಮನ್ನರ ಕಾಲದಲ್ಲಿ ಹಚ್ಚೆ ಮುಖ್ಯವಾಗಿ ಅವಮಾನದ ಗುರುತಾಗಿತ್ತು. ಓಡಿಹೋದ ದಾಸರು, ಅಪರಾಧಿಗಳು, ಗಣಿಗೆ ಅಟ್ಟಲ್ಪಟ್ಟವರು ಅದನ್ನು ಹಣೆಯ ಮೇಲೆ ಹೊರುತ್ತಿದ್ದರು, ಮತ್ತು ಹಿಂಸೆಯ ವರ್ಷಗಳಲ್ಲಿ ಹಾಗೆ ಗಣಿಗೆ ಹೋದವರಲ್ಲಿ ಕ್ರೈಸ್ತರೂ ಇದ್ದರು. ಚಕ್ರವರ್ತಿ ಕಾನ್‌ಸ್ಟಂಟೈನನು 316ರ ಸುಮಾರಿಗೆ ಹೊರಡಿಸಿದ ಕಾನೂನು, ಅಪರಾಧಿಗಳ ಮುಖದ ಮೇಲೆ ಹಚ್ಚೆ ಹಾಕುವುದನ್ನು ನಿಲ್ಲಿಸಿತು. ಮುಖವು ಪರಲೋಕದ ಸೌಂದರ್ಯದ ಹೋಲಿಕೆಯಲ್ಲಿ ರೂಪುಗೊಂಡಿದೆ, ಅದನ್ನು ಕೆಡಿಸಬಾರದು ಎಂಬುದು ಅದು ಕೊಟ್ಟ ಕಾರಣ. ಕೈ ಮತ್ತು ಮೀನಖಂಡಕ್ಕೆ ಆ ರಕ್ಷಣೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಅವಮಾನದ ಅದೇ ಗುರುತನ್ನು ಕ್ರೈಸ್ತರು ತಾವಾಗಿ ಕೈಗೆತ್ತಿಕೊಂಡದ್ದು ಇತಿಹಾಸದ ವಿಚಿತ್ರ ತಿರುವು. 6ನೆಯ ಶತಮಾನದ ಆರಂಭದಲ್ಲಿ ಗಾಜಾದ ಪ್ರೊಕೋಪಿಯಸ್, ಯೆಶಾಯ 44:5ಕ್ಕೆ ವ್ಯಾಖ್ಯಾನ ಬರೆಯುತ್ತಾ, ತನ್ನ ಕಾಲದ ಅನೇಕರು ಮಣಿಕಟ್ಟಿನ ಮೇಲೋ ತೋಳಿನ ಮೇಲೋ ಶಿಲುಬೆಯ ಚಿಹ್ನೆಯನ್ನು ಅಥವಾ ಕ್ರಿಸ್ತನ ಹೆಸರನ್ನು ಗುರುತು ಹಾಕಿಸಿಕೊಳ್ಳುತ್ತಾರೆಂದು ತಿಳಿಸುತ್ತಾನೆ. ಇಂಗ್ಲೆಂಡಿನ ನಾರ್ತಂಬ್ರಿಯಾದಲ್ಲಿ 786–87ರ ಸುಮಾರಿಗೆ ಸೇರಿದ ಸಭಾಪರಿಷತ್ತು ಅನ್ಯದೇವತೆಗಳ ಪದ್ಧತಿಯಂತೆ ಮೈಗೆ ಬಣ್ಣ ಚುಚ್ಚಿಸಿಕೊಳ್ಳುವುದನ್ನು ಖಂಡಿಸಿತು. ಆದರೆ ಅದೇ ನೋವನ್ನು ದೇವರಿಗೋಸ್ಕರ ಅನುಭವಿಸಿದವನಿಗೆ ದೊಡ್ಡ ಪ್ರತಿಫಲವಿದೆಯೆಂದೂ ಬರೆದಿಟ್ಟಿತು. ಒಂದೇ ಸೂಜಿ, ಒಂದೇ ಬಣ್ಣ. ತೀರ್ಪು ಮಾತ್ರ ಉದ್ದೇಶವನ್ನು ಹಿಡಿದು ಬೇರೆಯಾಗಿದೆ.

ಮುಂದಿನ ಶತಮಾನದಲ್ಲಿ ಥಿಯೋಡೋರ್ ಮತ್ತು ಥಿಯೋಫೇನಸ್ ಎಂಬ ಸನ್ಯಾಸಿ ಸಹೋದರರು ಪವಿತ್ರ ಚಿತ್ರಗಳ ಗೌರವವನ್ನು ಸಮರ್ಥಿಸಿದ್ದಕ್ಕಾಗಿ ಚಕ್ರವರ್ತಿ ಥಿಯೋಫಿಲಸನು ಅವರ ಮುಖಗಳ ಮೇಲೆ 12 ಸಾಲಿನ ನಿಂದೆಯ ಪದ್ಯವನ್ನೇ ಚುಚ್ಚಿಸಿದನು. ಪೂರ್ವದ ಸಭೆಗಳು ಇಂದಿಗೂ ಅವರನ್ನು ಬರೆಸಿಕೊಂಡವರು ಎಂಬ ಬಿರುದಿನಿಂದಲೇ ಸ್ಮರಿಸುತ್ತವೆ.

ಇಂದಿಗೂ ಹಚ್ಚೆಯನ್ನು ವಿಶ್ವಾಸದ ಗುರುತಾಗಿ ಇಟ್ಟುಕೊಂಡಿರುವ ಕ್ರೈಸ್ತರು ಇದ್ದಾರೆಯೇ?

ಇದ್ದಾರೆ, ಮತ್ತು ಅವರ ಕಥೆ ತಿಳಿಯದೆ ಈ ವಿಷಯದಲ್ಲಿ ತೀರ್ಪು ಕೊಡುವುದು ಆತುರವಾದೀತು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ ಬಲಗೈಯ ಮಣಿಕಟ್ಟಿನ ಒಳಭಾಗದಲ್ಲಿ ಸಣ್ಣದೊಂದು ಶಿಲುಬೆಯನ್ನು ಚಿಕ್ಕಂದಿನಲ್ಲಿಯೇ ಹಾಕಿಸುವ ರೂಢಿಯಿದೆ. ಕೈರೋದ ಮೊಕತ್ತಂ ಗುಡ್ಡದ ಗುಹಾದೇವಾಲಯಗಳ ಬಳಿ ತಾಯಂದಿರು ಪುಟ್ಟ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೈ ಹಿಡಿದುಕೊಳ್ಳುತ್ತಾರೆ; ಯಂತ್ರ ತಾಗಿದಾಗ ಮಗು ಚೀರುತ್ತದೆ, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಅಲ್ಪಸಂಖ್ಯಾತರಾಗಿ ಬಾಳುವ ಸಮುದಾಯಕ್ಕೆ ಅದು ಅಲಂಕಾರವಲ್ಲ. ದಾಳಿಯ ಭಯವಿರುವ ದಿನಗಳಲ್ಲಿ ದೇವಾಲಯದ ಬಾಗಿಲಲ್ಲಿ ಮಣಿಕಟ್ಟು ತೋರಿಸಿದರೆ ಒಳಗೆ ಬಿಡುತ್ತಾರೆ. ಅದೇ ಗುರುತು ಬೀದಿಯಲ್ಲಿ ಅಪಾಯವನ್ನೂ ತಂದೀತು. 2015ರ ಫೆಬ್ರವರಿಯಲ್ಲಿ ಲಿಬಿಯಾದ ಕಡಲತೀರದಲ್ಲಿ ಭಯೋತ್ಪಾದಕರು ಕೊಂದ 21 ಮಂದಿಯಲ್ಲಿ 20 ಜನ ಇದೇ ಸಮುದಾಯದ ಕೂಲಿಕಾರರು.

ಇಥಿಯೋಪಿಯಾದ ಉತ್ತರ ಭಾಗದಲ್ಲಿ ಆರ್ಥೊಡಾಕ್ಸ್ ಹೆಂಗಸರ ಹಣೆಯ ಮೇಲೆ ಶಿಲುಬೆಯೂ ಕುತ್ತಿಗೆಯ ಸುತ್ತ ಸರದಂತೆ ಗೆರೆಗಳೂ ಇರುತ್ತವೆ. ಬೋಸ್ನಿಯಾದ ಕೆಥೋಲಿಕ ಹಳ್ಳಿಗಳಲ್ಲಿ ಹೆಂಗಸರು ಕೈಬೆರಳು, ಮುಂಗೈ ಮತ್ತು ಎದೆಯ ಮೇಲೆ ಶಿಲುಬೆಗಳನ್ನು ಹಾಕಿಸಿಕೊಳ್ಳುತ್ತಿದ್ದರು. ಒಟ್ಟೋಮನ್ ಆಳ್ವಿಕೆಯಲ್ಲಿ ತಮ್ಮ ಮಕ್ಕಳು ಮತಾಂತರವಾಗದಿರಲೆಂಬ ಆಸೆ ಅದರ ಹಿಂದಿತ್ತೆಂದು ಹೇಳಲಾಗುತ್ತದೆ. 20ನೆಯ ಶತಮಾನದ ಮಧ್ಯದ ಹೊತ್ತಿಗೆ ಆ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು.

ಯೆರೂಸಲೇಮಿನದು ಯಾತ್ರಿಕರ ಹಚ್ಚೆ. ಹಳೆ ಪಟ್ಟಣದ ಯಾಫಾ ಬಾಗಿಲಿನ ಬಳಿ, ಈಜಿಪ್ಟಿನಿಂದ ಬಂದು ನೆಲೆಸಿದ ರಝೂಕ್ ಎಂಬ ಕಾಪ್ಟಿಕ್ ಮನೆತನ ತಲೆಮಾರುಗಳಿಂದ ಈ ಕೆಲಸ ಮಾಡುತ್ತಿದೆ. ಅವರ ಬಳಿ ಆಲಿವ್ ಮರದಲ್ಲಿ ಕೆತ್ತಿದ ಹಳೆಯ ಅಚ್ಚುಗಳಿವೆ. ಅಚ್ಚನ್ನು ಶಾಯಿಗೆ ಒತ್ತಿ, ಯಾತ್ರಿಕನ ಮುಂಗೈ ಮೇಲೆ ಮೊಹರಿನಂತೆ ಊರಿ, ಮೂಡಿದ ಗೆರೆಯ ಮೇಲೆಯೇ ಸೂಜಿಯನ್ನು ನಡೆಸುತ್ತಾರೆ. ದೊಡ್ಡದೊಂದು ಶಿಲುಬೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಸಣ್ಣ ಶಿಲುಬೆಗಳಿರುವ ಯೆರೂಸಲೇಮ್ ಶಿಲುಬೆ ಅಲ್ಲಿನ ಜನಪ್ರಿಯ ಚಿತ್ರ. 1862ರಲ್ಲಿ ಪುಣ್ಯಭೂಮಿಗೆ ಹೋಗಿದ್ದ ಬ್ರಿಟನ್ನಿನ ಯುವರಾಜ, ಮುಂದೆ 7ನೆಯ ಎಡ್ವರ್ಡ್ ಆದವನು, ಅದನ್ನೇ ತೋಳಿಗೆ ಹಾಕಿಸಿಕೊಂಡು ಊರಿಗೆ ಮರಳಿದನು.

ಬೇರೆಬೇರೆ ಸಭೆಗಳ ಇಂದಿನ ನಿಲುವೇನು?

ಕೆಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಹಚ್ಚೆಗೆ ನಿಷೇಧವಿಲ್ಲ. 2018ರ ಮಾರ್ಚಿನಲ್ಲಿ ರೋಮ್‌ನಲ್ಲಿ ನಡೆದ ಯುವಜನರ ಸಭೆಯೊಂದರಲ್ಲಿ ಉಕ್ರೇನಿನ ಗುರುವಿದ್ಯಾರ್ಥಿಯೊಬ್ಬರು ಈ ಬಗ್ಗೆ ಕೇಳಿದಾಗ, ಪೋಪ್ ಫ್ರಾನ್ಸಿಸ್ ಅವರು ಎರಿಟ್ರಿಯಾದವರ ಹಣೆಯ ಶಿಲುಬೆಯನ್ನು ನೆನಪಿಸಿ, ಹಚ್ಚೆಗೆ ಹೆದರಬೇಕಿಲ್ಲ, ಅದು ಯುವಕರೊಡನೆ ಮಾತು ಆರಂಭಿಸುವ ದಾರಿಯಾಗಬಹುದು ಎಂಬರ್ಥದ ಉತ್ತರ ಕೊಟ್ಟರು. ಅತಿರೇಕ ಬೇಡವೆಂಬ ಎಚ್ಚರಿಕೆಯೂ ಅದರೊಂದಿಗೆ ಇತ್ತು. ಪ್ರೊಟೆಸ್ಟೆಂಟ್ ಸಭೆಗಳು ಸಾಮಾನ್ಯವಾಗಿ ಇದನ್ನು ಮನಸ್ಸಾಕ್ಷಿಗೆ ಬಿಡುತ್ತವೆ. ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಸಭೆಗಳಲ್ಲಿ ಅನೇಕವು ಕಟ್ಟುನಿಟ್ಟಾಗಿ ವಿರೋಧಿಸುತ್ತವೆ. ಆಭರಣವನ್ನೇ ಬಿಟ್ಟಿರುವ ಸಭೆಗಳು ಹಚ್ಚೆಯನ್ನು ಒಪ್ಪದಿರುವುದು ಅವರ ಒಟ್ಟು ಶಿಸ್ತಿಗೆ ಹೊಂದುವ ಮಾತೇ. ನೀವು ಅಂಥ ಸಭೆಯ ಸದಸ್ಯರಾಗಿದ್ದರೆ ಆ ಶಿಸ್ತನ್ನು ಗೌರವಿಸುವುದು ಸರಿ. ಆದರೆ ಆ ಶಿಸ್ತು ನಿಮ್ಮ ಸಭೆಯದು, ರಕ್ಷಣೆಯ ಷರತ್ತಲ್ಲ.

ನಮ್ಮ ಅಜ್ಜಿಯ ಮುಂಗೈಯಲ್ಲಿ ಹಚ್ಚೆಯಿದೆ. ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಗೌರವದಿಂದ. ಕರ್ನಾಟಕದ ಬಯಲುಸೀಮೆಯಲ್ಲಿ ಕೊರವಂಜಿಯರು ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದ ಕಾಲದಲ್ಲಿ ಅದು ಹೆಣ್ಣುಮಕ್ಕಳ ಬಾಳಿನ ಭಾಗವಾಗಿತ್ತು. ಎಲೆಯ ರಸದಲ್ಲಿ ಕಲಸಿದ ಕಾಡಿಗೆ, ಒಟ್ಟಿಗೆ ಕಟ್ಟಿದ ಸೂಜಿಗಳು, ನೋವು ಮರೆಸಲು ಹಾಡು, ಕೊನೆಗೆ ಮೇಲೆ ಸವರಿದ ಅರಿಸಿನ: ಇದು ಆ ಕಸುಬಿನ ಕ್ರಮ. ವರ್ಷಗಳು ಕಳೆದಂತೆ ಕಪ್ಪು ಗೆರೆ ಹಸಿರಿಗೆ ತಿರುಗಿ, ಚರ್ಮ ಸುಕ್ಕಾದ ಹಾಗೆ ಚುಕ್ಕೆಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಮುಂಗೈಯ ರಂಗೋಲಿ ಯಾವುದು, ಗಂಡನ ಹೆಸರಿನ ಅಕ್ಷರ ಯಾವುದು ಎಂದು ಅಜ್ಜಿಯೇ ಬೆರಳಿಟ್ಟು ತೋರಿಸಬೇಕು. ಹೆಚ್ಚಿನವರಿಗೆ ಅದು ಮುತ್ತೈದೆತನದ, ಚೆಲುವಿನ, ಓರಗೆಯವರ ಜೊತೆ ಸೇರಿ ಅನುಭವಿಸಿದ ನೋವಿನ ಗುರುತು.

ಒಡವೆ ವಸ್ತ್ರಗಳೆಲ್ಲ ಇಲ್ಲೇ ಉಳಿಯುತ್ತವೆ, ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿತ್ತು. ಕ್ರೈಸ್ತ ವಿಶ್ವಾಸ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಸಾವಿನಾಚೆ ನಮ್ಮನ್ನು ಗುರುತಿಸುವವನು ನಮ್ಮನ್ನು ಹೆಸರು ಹಿಡಿದು ಕರೆಯುವ ಕುರುಬನು. ಅವನಿಗೆ ತೋರಿಸಲು ನಾವು ಗುರುತು ಹೊತ್ತೊಯ್ಯಬೇಕಾಗಿಲ್ಲ. ಪುನರುತ್ಥಾನದ ದೇಹದಲ್ಲಿ ಗಾಯದ ಗುರುತುಗಳಿದ್ದವೆಂದು ಸುವಾರ್ತೆ ಹೇಳುವುದು ಒಬ್ಬನ ವಿಷಯದಲ್ಲಿ ಮಾತ್ರ, ಶಿಷ್ಯ ತೋಮನು ಕಂಡ ಯೇಸುವಿನ ಕೈಗಳ ವಿಷಯದಲ್ಲಿ. ಆದರೂ ಆ ಹಳೆಯ ನಂಬಿಕೆಯಲ್ಲಿರುವ ಹಂಬಲವನ್ನು ಗೇಲಿ ಮಾಡಬಾರದು. ಬಂಗಾರ ಕೊಳ್ಳಲಾಗದ ಹೆಂಗಸು, ಯಾರೂ ಕಿತ್ತುಕೊಳ್ಳಲಾಗದ ಒಡವೆಯೊಂದು ತನಗೂ ಇರಲಿ ಎಂದು ಬಯಸಿದ್ದಳು. ಅಂಥವಳ ಕೈ ಹಿಡಿದು, ಪ್ರಭು ಭೋಜನಕ್ಕೆ ಬರುವ ಮುಂಚೆ ತೋಳು ಮುಚ್ಚಿಕೊಳ್ಳಿ ಎಂದು ಹೇಳುವ ಸಭೆ ತಪ್ಪು ಮಾಡುತ್ತಿದೆ ಎನ್ನಲು ನಮಗೆ ಸಂಕೋಚವಿಲ್ಲ.

ಕ್ರಿಸ್ತನನ್ನು ನಂಬುವ ಮೊದಲು ದೇವತೆಯ ಹಚ್ಚೆ ಹಾಕಿಸಿಕೊಂಡಿದ್ದೆ. ಅಳಿಸಲೇಬೇಕೇ?

ಅಳಿಸಲೇಬೇಕೆಂಬ ನಿಯಮವಿಲ್ಲ. ದೀಕ್ಷಾಸ್ನಾನದಲ್ಲಿ ನಿಮ್ಮ ಹಳೆಯ ಒಪ್ಪಂದಗಳು ಮುಗಿದವು. ಚರ್ಮದಲ್ಲಿ ಉಳಿದಿರುವುದು ಬಣ್ಣ. ಎಫೆಸದಲ್ಲಿ ಮಾಟಮಂತ್ರ ನಡೆಸುತ್ತಿದ್ದವರು ವಿಶ್ವಾಸಿಗಳಾದ ಮೇಲೆ ತಮ್ಮ ಪುಸ್ತಕಗಳನ್ನು ತಂದು ಸುಟ್ಟರೆಂದು ಅಪೊಸ್ತಲರ ಕೃತ್ಯಗಳು 19 ತಿಳಿಸುತ್ತದೆ ನಿಜ, ಆದರೆ ಚರ್ಮವು ಪುಸ್ತಕದಂತೆ ಸುಡುವ ವಸ್ತುವಲ್ಲ. ಆ ಗುರುತು ನಿಮ್ಮ ಮನಸ್ಸನ್ನು ಕಾಡುತ್ತಿದ್ದರೆ ತೆಗೆಸಿಕೊಳ್ಳಬಹುದು, ಬೇರೆ ಚಿತ್ರದಿಂದ ಮುಚ್ಚಿಸಬಹುದು, ಅಥವಾ ದೇವರು ನಿಮ್ಮನ್ನು ಎಲ್ಲಿಂದ ಕರೆದನೆಂಬುದರ ನೆನಪಾಗಿ ಹಾಗೆಯೇ ಬಿಡಬಹುದು. ನಿಮ್ಮ ಮನೆಯವರು ಇನ್ನೂ ಆ ದೇವತೆಯನ್ನು ಪೂಜಿಸುತ್ತಿದ್ದರೆ, ಅವರ ಮುಂದೆ ಆ ಹಚ್ಚೆಯನ್ನು ಹೀಗಳೆದು ಮಾತನಾಡುವುದು ಸುವಾರ್ತೆಯ ಕೆಲಸವಲ್ಲ.

ತೆಗೆಸುವುದಾದರೆ ಚರ್ಮವೈದ್ಯರ ಬಳಿಗೇ ಹೋಗಿ. ಹಚ್ಚೆಯ ಬಣ್ಣ ಮೇಲ್ಪದರದ ಕೆಳಗಿನ ಚರ್ಮದಲ್ಲಿ ಕೂತಿರುವುದರಿಂದ ತಿಕ್ಕಿದರೆ ಹೋಗುವುದಿಲ್ಲ. ಲೇಸರ್ ಚಿಕಿತ್ಸೆಯನ್ನು ವಾರಗಳ ಅಂತರದಲ್ಲಿ ಹಲವು ಬಾರಿ ಮಾಡಿಸಬೇಕಾಗುತ್ತದೆ, ಮತ್ತು ನಮ್ಮಂಥ ಕಂದುಮೈಯವರಲ್ಲಿ ಆ ಜಾಗ ಬಿಳಿಚಿಕೊಳ್ಳುವ ಸಾಧ್ಯತೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಭಕ್ತಿಯ ಆವೇಶದಲ್ಲಿ ಸುಣ್ಣ, ಆಸಿಡ್, ಕಾದ ಕಬ್ಬಿಣ ಹಚ್ಚುವವರಿದ್ದಾರೆ. ಅದು ಬಾಳನ ಪ್ರವಾದಿಗಳು ಮಾಡಿದ್ದಕ್ಕೆ ಹತ್ತಿರ.

ಹಚ್ಚೆಯ ಮೂಲಕ ದುರಾತ್ಮಗಳು ಒಳಗೆ ಬರುತ್ತವೆಯೇ?

ಶಾಯಿಯ ಮೂಲಕ ಆತ್ಮಗಳು ಪ್ರವೇಶಿಸುತ್ತವೆಂಬ ಬೋಧನೆಗೆ ಸತ್ಯವೇದದಲ್ಲಿ ಆಧಾರವಿಲ್ಲ. ವಿಗ್ರಹವು ಏನೂ ಅಲ್ಲವೆಂದು 1 ಕೊರಿಂಥ 8ರಲ್ಲಿ ಹೇಳುವ ಪೌಲನೇ 10ನೆಯ ಅಧ್ಯಾಯದಲ್ಲಿ ವಿಗ್ರಹಾರಾಧನೆಯ ಊಟದಲ್ಲಿ ಪಾಲುಗಾರರಾಗಬೇಡಿರೆನ್ನುತ್ತಾನೆ. ಅವನ ಭಯವಿರುವುದು ವಸ್ತುವಿನ ಬಗ್ಗೆ ಅಲ್ಲ, ಪಾಲುಗಾರಿಕೆಯ ಬಗ್ಗೆ. ಮಂತ್ರ ಹಾಕಿಸಿ, ಹರಕೆ ಹೊತ್ತು, ಒಂದು ಶಕ್ತಿಗೆ ತನ್ನನ್ನು ಒಪ್ಪಿಸಿಕೊಳ್ಳಲೆಂದೇ ಹಾಕಿಸಿದ ಹಚ್ಚೆಯಾಗಿದ್ದರೆ, ಆ ಒಪ್ಪಿಸುವಿಕೆಯನ್ನು ಪ್ರಾರ್ಥನೆಯಲ್ಲಿ ತೊರೆಯುವುದು ಯುಕ್ತ. ಅದಕ್ಕೆ ನಿಮ್ಮ ಸಭಾಪಾಲಕರ ಅಥವಾ ಗುರುಗಳ ನೆರವು ಸಾಕು. ಹಚ್ಚೆಯ ಬಂಧನ ಬಿಡಿಸುತ್ತೇನೆಂದು ಕಾಣಿಕೆಯ ಮೊತ್ತ ಹೇಳುವವರಿಂದ ದೂರವಿರಿ.

ಇದು ಮೃಗದ ಗುರುತೇ?

ಅಲ್ಲ. ಪ್ರಕಟನೆ 13ರಲ್ಲಿ ಬರುವ, ದೇವರನ್ನು ದೂಷಿಸುವ ಮೃಗದ ಗುರುತು ಆರಾಧನೆಯ ವಿಷಯ. ಮೃಗಕ್ಕೆ ಅಡ್ಡಬೀಳುವವರು ಅದನ್ನು ಪಡೆಯುತ್ತಾರೆ. ತಿಳಿಯದೆ ಅಂಗಡಿಯಲ್ಲಿ ಯಾರಿಗೂ ಅದು ಬೀಳುವುದಿಲ್ಲ.

ಶಿಲುಬೆಯನ್ನೋ ವಚನವನ್ನೋ ಹಾಕಿಸಿಕೊಂಡರೆ ಅದು ಸಾಕ್ಷಿಯಲ್ಲವೇ?

ಆಗಬಹುದು. ಕಾಪ್ಟಿಕ್ ಹುಡುಗನ ಮಣಿಕಟ್ಟಿನ ಶಿಲುಬೆ ಸಾಕ್ಷಿಯೇ, ಏಕೆಂದರೆ ಅದಕ್ಕೆ ಬೆಲೆ ತೆರಬೇಕಾಗಿ ಬರುವುದುಂಟು. ಕೋರಮಂಗಲದ ಅಂಗಡಿಯಲ್ಲಿ ಹಾಕಿಸಿಕೊಂಡು ಇನ್‌ಸ್ಟಾಗ್ರಾಂಗೆ ಏರಿಸುವ ಶಿಲುಬೆಗೆ ಅಂಥ ಬೆಲೆ ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಹೀಯಾಳಿಸಲು ಹೇಳುತ್ತಿಲ್ಲ. ಶಿಲುಬೆ ಹೊತ್ತ ಕೈ ಲಂಚಕ್ಕೆ ಚಾಚಿದಾಗ ನೋಡುವವರು ಕೈಯ ಜೊತೆಗೆ ಶಿಲುಬೆಯನ್ನೂ ನೋಡುತ್ತಾರೆ ಎಂಬುದನ್ನು ಮೊದಲೇ ಯೋಚಿಸಬೇಕು.

ಕನ್ನಡದಲ್ಲಿ ವಚನ ಹಾಕಿಸುವವರಿಗೆ ಒಂದು ಕಿವಿಮಾತು. ಹಚ್ಚೆಯ ಚಿತ್ರ ಸಿದ್ಧಪಡಿಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದುಹೋಗುತ್ತವೆ. ಕ್ರಿಸ್ತ ಎಂಬಲ್ಲಿನ ಎರಡೂ ಒತ್ತುಗಳು ಬೇರೆಯಾಗಿ ಸಾಲಿನಲ್ಲಿ ಬಂದು ಕೂರುತ್ತವೆ. ಕಲಾವಿದರಿಗೆ ಕನ್ನಡ ಬಾರದಿದ್ದರೆ ಅದು ಅವರ ಕಣ್ಣಿಗೆ ಬೀಳುವುದಿಲ್ಲ. ಅಚ್ಚು ಕೈಮೇಲೆ ಕೂರುವ ಮೊದಲು ಕಾಗದದ ಮೇಲೆ ನೀವೇ ಓದಿ, ಸಾಧ್ಯವಾದರೆ ಕನ್ನಡ ಮೇಷ್ಟರೊಬ್ಬರಿಗೂ ತೋರಿಸಿ.

ತೀರಿಕೊಂಡ ತಾಯಿಯ ನೆನಪಿಗೆ ಹಾಕಿಸಿಕೊಳ್ಳಬಹುದೇ? ಯಾಜಕಕಾಂಡ ನಿಷೇಧಿಸಿದ್ದು ಅದನ್ನೇ ಅಲ್ಲವೇ?

ಪ್ರಶ್ನೆ ನ್ಯಾಯವಾದದ್ದು. ಅಲ್ಲಿನ ನಿಷೇಧವಿದ್ದದ್ದು ಸತ್ತವರನ್ನು ಸಂತೈಸುವ, ಅವರ ಲೋಕದೊಡನೆ ನಂಟು ಕುದುರಿಸುವ ಆಚಾರಗಳ ಮೇಲೆ. ತಾಯಿಯ ಹೆಸರನ್ನು ಪ್ರೀತಿಯಿಂದ ಇಟ್ಟುಕೊಳ್ಳುವುದು ಅದಲ್ಲ. ಆದರೂ ಸಾವಿನ ಬೆನ್ನಲ್ಲೇ ತೀರ್ಮಾನ ಮಾಡಬೇಡಿ ಎಂದು ನಾವು ಸಲಹೆ ಕೊಡುತ್ತೇವೆ. ಒಂದು ವರ್ಷದ ಪೂಜೆಯೋ ಸ್ಮರಣಾರಾಧನೆಯೋ ಕಳೆಯಲಿ. ಆಗಲೂ ಅದೇ ಆಸೆಯಿದ್ದರೆ ಅದು ದುಃಖದ ಆತುರದಿಂದ ಬಂದದ್ದಲ್ಲವೆಂದು ನಿಮಗೇ ತಿಳಿಯುತ್ತದೆ.

ಅಪ್ಪ ಅಮ್ಮ ಬೇಡವೆನ್ನುತ್ತಾರೆ. ಏನು ಮಾಡಲಿ?

ಅವರ ಮನೆಯಲ್ಲಿ, ಅವರ ಆಶ್ರಯದಲ್ಲಿ ಇರುವವರೆಗೆ ಅವರ ಮಾತು ಕೇಳಿ. ತಂದೆತಾಯಿಗಳನ್ನು ಸನ್ಮಾನಿಸುವುದು ಆಜ್ಞೆ, ಹಚ್ಚೆ ಆಜ್ಞೆಯಲ್ಲ. ನಿಮ್ಮ ಕಾಲ ಮೇಲೆ ನೀವು ನಿಂತ ಮೇಲೂ, ಎಲ್ಲವೂ ಸಲ್ಲುತ್ತದೆ ಆದರೆ ಎಲ್ಲವೂ ಪ್ರಯೋಜನಕರವಲ್ಲ ಎಂಬ 1 ಕೊರಿಂಥ 10:23ರ ಮಾತು ಉಳಿಯುತ್ತದೆ. ತಂದೆತಾಯಿಗಳಿಗೂ ಒಂದು ವಿನಂತಿ: ಮಗ ಹಾಕಿಸಿಕೊಂಡು ಬಂದೇಬಿಟ್ಟಿದ್ದರೆ, ಅವನನ್ನು ಯೇಸು ಹೇಳಿದ ಕಥೆಯ ಕಳೆದುಹೋದ ಮಗನಿಗೆ ಹೋಲಿಸಿ ಪ್ರಾರ್ಥನಾಕೂಟದಲ್ಲಿ ಅಳಬೇಡಿ. ಮನುಷ್ಯರು ಹೊರಗಿನದನ್ನು ನೋಡುತ್ತಾರೆ, ಯೆಹೋವನು ಹೃದಯವನ್ನು ನೋಡುತ್ತಾನೆ ಎಂದು ಪ್ರವಾದಿ ಸಮುವೇಲನು ಕೇಳಿಸಿಕೊಂಡದ್ದು ಒಬ್ಬ ತಂದೆ ತನ್ನ ಮಕ್ಕಳನ್ನು ಮುಂದೆ ತಂದಾಗಲೇ.

ಆರೋಗ್ಯ, ರಕ್ತದಾನ ಮತ್ತು ಉದ್ಯೋಗದ ವಿಷಯದಲ್ಲಿ ಏನನ್ನು ತಿಳಿದಿರಬೇಕು?

ಸೂಜಿ ಹೊಸದಲ್ಲದಿದ್ದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡಬಹುದು. ಜಾತ್ರೆಯ ಬದಿಯಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಹತ್ತು ಜನರಿಗೆ ಹಾಕುವ ಕಡೆ ಕೈ ಚಾಚಬೇಡಿ. ನಮ್ಮ ದೇಶದ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರು 12 ತಿಂಗಳ ಕಾಲ ರಕ್ತದಾನ ಮಾಡುವಂತಿಲ್ಲ. ದೇವಾಲಯದ ರಕ್ತದಾನ ಶಿಬಿರದಲ್ಲಿ ವರ್ಷವರ್ಷ ಕೊಡುವವರು ಇದನ್ನು ಮರೆಯಬಾರದು, ಮರೆಮಾಚಲೂಬಾರದು.

ಸೈನ್ಯ ಮತ್ತು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೆ ಸೇರಬಯಸುವವರು ಮೊದಲು ನಿಯಮ ಓದಲಿ. ಕೇಂದ್ರ ಪಡೆಗಳ ವೈದ್ಯಕೀಯ ನಿಯಮಗಳು ಧಾರ್ಮಿಕ ಚಿಹ್ನೆ ಮತ್ತು ಹೆಸರುಗಳಿಗೆ ಅವಕಾಶ ಕೊಡುತ್ತವೆ. ಆದರೆ ಅದು ಸೆಲ್ಯೂಟ್ ಮಾಡದ ಎಡಗೈಯ ಮುಂದೋಳಿನ ಒಳಭಾಗದಲ್ಲಿ ಅಥವಾ ಹಸ್ತದ ಹಿಂಬದಿಯಲ್ಲಿ ಇರಬೇಕು ಮತ್ತು ಆ ಅಂಗದ ಕಾಲು ಭಾಗಕ್ಕಿಂತ ಚಿಕ್ಕದಾಗಿರಬೇಕು. ಕುತ್ತಿಗೆಯ ಮೇಲಿನ ಶಿಲುಬೆಗೆ ಅಲ್ಲಿ ಜಾಗವಿಲ್ಲ.

ಮದುವೆಗೆ ಮದರಂಗಿ ಹಾಕಿಸಿಕೊಳ್ಳಬಹುದೇ?

ಧಾರಾಳವಾಗಿ. ಅದು ಅಲಂಕಾರ, ಕೆಲವೇ ದಿನಗಳಲ್ಲಿ ಮಾಸುತ್ತದೆ. ಕಡುಕಪ್ಪು ಬಣ್ಣದ ಮದರಂಗಿಯಲ್ಲಿ ಮಾತ್ರ ತಲೆಗೂದಲಿಗೆ ಹಾಕುವ ಬಣ್ಣದ ರಾಸಾಯನಿಕ ಬೆರೆತಿರಬಹುದು, ಅದರಿಂದ ಬೊಬ್ಬೆ ಏಳುವುದುಂಟು.

ಹಚ್ಚೆ ಹಾಕುವ ವೃತ್ತಿಯನ್ನು ಕ್ರೈಸ್ತರು ಮಾಡಬಹುದೇ?

ಮಾಡಬಹುದು, ಯೆರೂಸಲೇಮಿನ ಆ ಮನೆತನ ಮಾಡುತ್ತಿಲ್ಲವೇ? ಆದರೆ ವೃತ್ತಿಯಲ್ಲಿ ಇಲ್ಲವೆನ್ನಬೇಕಾದ ಸಂದರ್ಭಗಳು ಬರುತ್ತವೆ: ಕುಡಿದು ಬಂದ ಗಿರಾಕಿ, ಪ್ರಾಯಕ್ಕೆ ಬಾರದ ಹುಡುಗಿ, ದ್ವೇಷದ ಘೋಷಣೆ, ಅಶ್ಲೀಲ ಚಿತ್ರ. ಇನ್ನೊಂದು ಧರ್ಮದ ದೇವತೆಯ ಚಿತ್ರ ಕೇಳಿ ಬಂದವರಿಗೆ ಏನು ಹೇಳಬೇಕೆಂಬುದರಲ್ಲಿ ವಿಶ್ವಾಸಿಗಳಾದ ಕಲಾವಿದರು ಒಮ್ಮತದಲ್ಲಿಲ್ಲ. ಕೆಲವರು ಹಾಕಿಕೊಡುತ್ತಾರೆ, ಕೆಲವರು ನಯವಾಗಿ ಬೇರೊಬ್ಬರ ಬಳಿಗೆ ಕಳುಹಿಸುತ್ತಾರೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ ಇಂಥ ಭಿನ್ನಾಭಿಪ್ರಾಯಕ್ಕೆ ಜಾಗ ಬಿಟ್ಟಿದೆ. ಪ್ರತಿ ಗಿರಾಕಿಗೂ ಹೊಸ ಸೂಜಿ ತೆಗೆಯುವ ವಿಷಯದಲ್ಲಿ ಅಂಥ ಜಾಗವಿಲ್ಲ.